ಹಲ್ಲಿಯ ಜಾಗ

ಅವನು ಬರೆದು ನಿರ್ದೇಶಿಸುತ್ತಿದ್ದ ಧಾರಾವಾಹಿಯಲ್ಲಿ ಯಾರೂ ಅಳುತ್ತಿರಲಿಲ್ಲ. ನಾಯಕಿ ಮನೆಯ ರಗಳೆಗಳನ್ನೆಲ್ಲ ಗೋಡೆಯ ಹಲ್ಲಿಗೆ ಹೇಳಿಕೊಂಡು ನಗುತ್ತಿದ್ದಳು. ಕಣ್ಣೀರು ಬರಿಸುವ ಗ್ಲಿಸರಿನ್ ಬಾಟಲಿಯನ್ನು ಅವನು ಸೆಟ್ಟಿನೊಳಗೇ ಬಿಟ್ಟುಕೊಳ್ಳುತ್ತಿರಲಿಲ್ಲ.

ಚಾನೆಲ್‌ನವರೊಡನೆ ಜಗಳವಾಡಿ ಅವನು ಹೊರಬಿದ್ದ. ನಾಯಕಿಯಾಗಿದ್ದ ಅವನ ಹೆಂಡತಿ ಧಾರಾವಾಹಿಯಲ್ಲೇ ಉಳಿದಳು.

ಮರುವಾರ ಟೀವಿ ಹಾಕಿದರೆ ಹಲ್ಲಿ ಇರಲಿಲ್ಲ. ಅದರ ಜಾಗದಲ್ಲಿ, ನಾಯಕಿಯ ಸತ್ತ ಗಂಡನೆಂದು, ಅವನದೇ ಫೋಟೊ. ಅದಕ್ಕೊಂದು ಗಂಧದ ಹಾರ. ಮುಂದೆ ನಿಂತು ಅವಳು ಬಿಕ್ಕಿ ಬಿಕ್ಕಿ ಅಳುತ್ತಿದ್ದಳು.

ಹೆಂಡತಿಗೆ ಫೋನ್ ಮಾಡಿದ. "ನನ್ನ ಫೋಟೊ ಅವರಿಗೆ ಕೊಟ್ಟಿದ್ದು ಯಾರು?"

"ನಾನೇ. ಅರ್ಜೆಂಟಾಗಿ ಬೇಕು ಅಂದ್ರು."

ಅವನ ದನಿ ಮೆತ್ತಗಾಯಿತು. "ಹೋಗ್ಲಿ ಬಿಡು. ನನ್ನ ನೋಡಿ ನಿಂಗೆ ಅಷ್ಟು ಅಳು ಬಂತಲ್ಲ, ಅದೇ ಸಾಕು."

"ಎಲ್ಲಿ ಬಂತು ರೀ? ಮೂರು ಸಲ ಗ್ಲಿಸರಿನ್ ಹಾಕಿಸ್ಕೊಂಡೆ."