ಮರೆತು ಬಂದ ಐಡಿ ಕಾರ್ಡ್

ನೀಲಿಚಿತ್ರಗಳಲ್ಲಿ ನಟಿಸುವವರ ಕನಿಷ್ಠ ವಯಸ್ಸನ್ನು ಹದಿನೆಂಟರಿಂದ ಇಪ್ಪತ್ತೊಂದಕ್ಕೆ ಏರಿಸಬೇಕೇ ಎಂದು ಸಮಿತಿ ವಿಚಾರಣೆ ನಡೆಸುತ್ತಿತ್ತು. ಏರಿಸಿ ಎಂದು ಹೇಳುವುದಕ್ಕೆ ಅವಳು ಬಂದಿದ್ದಳು. ಇದು ಅವಳು ಕಂಡ ನಾಲ್ಕನೆಯ ಸಮಿತಿ. ಹೇಳಿದ್ದನ್ನೇ ಹೇಳಿ ಹೇಳಿ ಸಾಕಾಗಿ ಹೋಗಿತ್ತು.

ಅಧ್ಯಕ್ಷರು ತಡವಾಗಿ ಬಂದರು. "ಕ್ಷಮಿಸಿ, ಐಡಿ ಕಾರ್ಡ್ ಕಾರಲ್ಲೇ ಬಿಟ್ಟಿದ್ದೆ. ಗೇಟಲ್ಲಿರೋ ಸೆಕ್ಯುರಿಟಿಯವನು ನನ್ನನ್ನೂ ಒಳಗೆ ಬಿಡಲಿಲ್ಲ," ಎನ್ನುತ್ತ ಕುಳಿತು ಅವಳ ಅರ್ಜಿ ತಿರುವಿದರು.

"ಹದಿನೆಂಟು ತುಂಬಿತ್ತು. ನೀವೇ ಒಪ್ಪಿ ಸಹಿ ಹಾಕಿದ್ರಿ, ಅಲ್ವಾ?"

"ಹೌದು ಸಾರ್. ಮೂರು ತಿಂಗಳು ಮಾಡಿ ಬಿಟ್ಟೆ."

"ಅದಾಗಿ ಇಪ್ಪತ್ತು ವರ್ಷ ಆಯ್ತಲ್ಲಮ್ಮ. ಮದುವೆ ಆಗಿದೆ, ಹೆಸರೂ ಬದಲಾಯಿಸ್ಕೊಂಡಿದ್ದೀರಿ. ಈಗ ಯಾರಿಗೆ ನೆನಪಿರುತ್ತೆ?"

ಬರೆದು ತಂದಿದ್ದ ಎಂಟು ಹಾಳೆಗಳನ್ನು ಅವಳು ಮಡಚಿ ಬ್ಯಾಗಿಗೆ ಹಾಕಿಕೊಂಡಳು. ಓದುವ ತ್ರಾಣ ಉಳಿದಿರಲಿಲ್ಲ.

"ನಾನೂ ಇವತ್ತು ಐಡಿ ಕಾರ್ಡ್ ಮನೇಲೇ ಮರೆತು ಬಂದೆ ಸಾರ್," ಎಂದಳು. "ನಿಮ್ಮ ಸೆಕ್ಯುರಿಟಿಯವನು ನನ್ನ ಹಳೇ ಹೆಸರು ಹಿಡಿದು ಕರೆದ, ನಕ್ಕ, ಒಳಗೆ ಬಿಟ್ಟ."