ಟೈರಿನ ಗುರುತು

ಒದ್ದೆ ಕ್ಯಾನ್ವಾಸಿನ ವಾಸನೆ ಬಂದರೆ ಈಗಲೂ ನವನಗರದ ಆ ಮಧ್ಯಾಹ್ನ ನೆನಪಾಗುತ್ತದೆ. ಅಪ್ಪ ಅಗ್ನಿಶಾಮಕ ಗಾಡಿಯ ಡ್ರೈವರ್. ಹಿಂದಿನ ದಿನ ಗೋದಾಮೊಂದಕ್ಕೆ ಬೆಂಕಿ ಬಿದ್ದಾಗ ಹೋಗಿದ್ದು ಅವನ ಗಾಡಿ ಒಂದೇ. ಅಲ್ಲಿ ಕ್ಯಾನ್ವಾಸಿನ ನೀರಿನ ಪೈಪು ಒಡೆದು, ಅದನ್ನು ಹಿಡಿದು ಒಳಗೆ ನುಗ್ಗಿದ್ದ ಅದೇ ಗಾಡಿಯ ಸಿಬ್ಬಂದಿ, ಪಕ್ಕದ ಮನೆಯ ಕಾಕಾ ತೀರಿಕೊಂಡಿದ್ದರು.

ಅಪ್ಪ ಕ್ವಾರ್ಟರ್ಸಿನ ಅಂಗಳದಲ್ಲಿ ಆ ಪೈಪು ಹಾಸಿಕೊಂಡು ಬ್ರಷ್ಷಿನಿಂದ ತಿಕ್ಕುತ್ತಿದ್ದ. ಒಡೆದ ಜಾಗದಲ್ಲಿ ಟೈರಿನ ಕಪ್ಪು ಗುರುತಿತ್ತು.

“ಒಡದದ್ದು ಯಾಕ ತೊಳ್ಯಾಕತ್ತಿ, ಅಪ್ಪಾ?”

“ಪೈಪಿನ ಮ್ಯಾಲೆ ಗಾಲಿ ಹಾಯಬಾರ್ದವಾ. ಒಳಗ ಹರದಿರ್ತದ, ಹೊರಗ ಕಾಣೂದಿಲ್ಲ.”

“ಯಾರು ಹಾಯಿಸಿದ್ರು?”

ಪಕ್ಕದ ಮನೆಯಲ್ಲಿ ಕಾಕಾನ ಹೆಂಡತಿ ಕಾಕು ಅಳುವುದು ಕೇಳುತ್ತಿತ್ತು. ಅಪ್ಪ ಮತ್ತೆ ಅದೇ ಜಾಗವನ್ನು ತಿಕ್ಕಿದ.

“ಇನ್ನೊಂದು ಬಕೆಟ್ ನೀರು ತಾ,” ಎಂದ.

ತಂದುಕೊಟ್ಟೆ. ಗುರುತು ಹೋಗಲಿಲ್ಲ. ಮತ್ತೊಂದು ತರಲು ಹೇಳಿದ.