ತಲೆಕೆಳಗಾದ ಹಕ್ಕಿಗಳು

ಹಕ್ಕಿ ಚಿತ್ರದ ಗೋಡೆಕಾಗದ ಸುರುಳಿಗೆ ಅರವತ್ತು ಪೌಂಡ್. ಅಂಟಿಸುವ ಕ್ಲಿಫ್‌ನ ಕೂಲಿ ದಿನಕ್ಕೆ ನೂರೈವತ್ತು. ಕೆಲಸ ಮಾಡುತ್ತ ಅವನು ಫೋನಿನಲ್ಲಿ ಕೇಳುವ ವಿಕ್ಟೋರಿಯಾ ರಾಣಿಯ ಕಾಲದ ಕಾದಂಬರಿ ಮಾತ್ರ ಪುಕ್ಕಟೆ; ಊರ ಗ್ರಂಥಾಲಯದ್ದು.

"ಆ ಗೊಣಗಾಟ ನಿಲ್ಸಪ್ಪ," ಎಂದು ಸೋಮವಾರ ಗದರಿದ್ದ ಮನೆಯೊಡತಿ ಮೇವಿಸ್, ಬುಧವಾರದ ಹೊತ್ತಿಗೆ ಏಣಿಯ ಬುಡದಲ್ಲೇ ಕುರ್ಚಿ ಹಾಕಿಕೊಂಡಿದ್ದಳು. ಕಥೆಯಲ್ಲಿ ಗಡಿಯಾರ ರಿಪೇರಿಯವನ ಮಗಳನ್ನು ಮುದಿ ಪಾದ್ರಿ ಮದುವೆಗೆ ಕೇಳಲು ಬಂದಿದ್ದ.

"ಒಪ್ಕೋಬೇಡ ಕಣೇ!" ಮೇವಿಸ್ ಫೋನಿಗೆ ಕೂಗಿದಳು.

"ಒಪ್ತಾಳೆ ಬಿಡಿ ತಾಯಿ. ಆಗಿನ ಹುಡುಗೀರಿಗೆ ಬೇರೆ ದಾರಿ ಎಲ್ಲಿತ್ತು?" ಕ್ಲಿಫ್ ಅಂಟು ಬಳಿದ ಕೊನೆಯ ಪಟ್ಟಿ ಹೊತ್ತು ಏಣಿ ಹತ್ತಿದ.

"ಬಾಯ್ಮುಚ್ಚು, ಕೇಳಿಸ್ತಿಲ್ಲ," ಎನ್ನುತ್ತ ಅವಳು ಕೆಳತುದಿ ಹಿಡಿದಳು.

ಪಾದ್ರಿ ತನ್ನ ವರಮಾನ, ಮಂಡಿನೋವು, ದೇವರ ಚಿತ್ತ ಎಲ್ಲವನ್ನೂ ವಿವರಿಸಿ ಮುಗಿಸುವಷ್ಟರಲ್ಲಿ ಕಾಗದ ಗೋಡೆಗೆ ಕೂತಿತ್ತು. ಹುಡುಗಿ ಒಂದೇ ಮಾತು ಹೇಳಿದಳು: "ಆಗುವುದಿಲ್ಲ."

ಮೇವಿಸ್ ಕೇಕೆ ಹಾಕಿದಳು. ಕ್ಲಿಫ್ ಏಣಿಯ ಮೇಲೆಯೇ ಬ್ರಷ್ ಎತ್ತಿ ಕುಣಿಸಿದ. ಆ ಖುಷಿಗೆ ಇಬ್ಬರೂ ಅಡುಗೆಮನೆಗೆ ಹೋಗಿ ಚಹಾ ಕುಡಿದು, ಉಳಿದಿದ್ದ ಶುಂಠಿ ಕೇಕನ್ನೂ ಮುಗಿಸಿದರು.

ಮರಳಿ ಬಂದಾಗ ಕ್ಲಿಫ್ ಬಾಗಿಲಲ್ಲೇ ನಿಂತ. ಕಿಟಕಿ ಪಕ್ಕದ ಪಟ್ಟಿಯಲ್ಲಿ ಹಕ್ಕಿಗಳೆಲ್ಲ ಕಾಲು ಮೇಲೆ ಮಾಡಿ ನೇತಾಡುತ್ತಿದ್ದವು. ಅಂಟು ಹಿಡಿದುಬಿಟ್ಟಿತ್ತು. ಅಂಗಡಿಯಲ್ಲೂ ಆ ಕಾಗದ ಮುಗಿದಿತ್ತು.

"ಇಷ್ಟು ವರ್ಷದಲ್ಲಿ ಹೀಗಾಗಿಲ್ಲ ತಾಯಿ," ಅವನ ಮುಖ ಬಿಳಚಿಕೊಂಡಿತು. "ಈ ಸ್ಕಿಪ್ಟನ್ ಊರಲ್ಲಿ ಸುದ್ದಿ ಹಬ್ಬಿದ್ರೆ ನನ್ನನ್ನ ಇನ್ಯಾರು ಕೆಲಸಕ್ಕೆ ಕರೀತಾರೆ? ಇವತ್ತಿನ ಕೂಲಿ ಬೇಡ. ಕಿತ್ತು ಬಣ್ಣ ಬಳೀತೀನಿ."

"ಕಿತ್ತು ನೋಡು, ಏಣಿ ಸಮೇತ ಬೀದಿಗೆ ಹಾಕ್ತೀನಿ! ಕೆಳಗೆ ಹಿಡ್ಕೊಂಡಿದ್ದವಳು ನಾನೇ ಅಲ್ವೇನೋ? ಬಾ, ಮುಂದಿನ ಅಧ್ಯಾಯ ಹಾಕು."

ಭಾನುವಾರ ಚಹಾಕ್ಕೆ ಬಂದ ಮೇವಿಸ್‌ಳ ತಂಗಿ ಬ್ರೆಂಡಾ, ಎಲ್ಲದರಲ್ಲೂ ಹುಳುಕು ಹುಡುಕುವವಳು, ಹ್ಯಾಟು ತೆಗೆಯುವ ಮೊದಲೇ ಬೆರಳು ತೋರಿಸಿದಳು. "ಇದೇನೇ ಇದು? ಯಾವ ಕುರುಡ ಅಂಟಿಸಿದ?"

"ಅದಾ? ಅಲ್ಲೇ ಅವಳು ಪಾದ್ರಿಗೆ ಆಗಲ್ಲ ಅಂದಿದ್ದು," ಎಂದಳು ಮೇವಿಸ್.

"ಯಾರು? ಯಾವ ಪಾದ್ರಿ?" ಬ್ರೆಂಡಾ ಕುರ್ಚಿ ಎಳೆದುಕೊಂಡಳು. ಅವಳ ಚಹಾ ಆರಿ ತಣ್ಣಗಾಯಿತು.

ಕೆಟ್ಟಿದ್ದು ಒಂದು ಪಟ್ಟಿ ಕಾಗದ. ಮರುವಾರ ಕ್ಲಿಫ್‌ಗೆ ಬ್ರೆಂಡಾಳ ಮನೆಯ ಕೆಲಸ ಸಿಕ್ಕಿತು. ಅವಳದು ಒಂದೇ ಷರತ್ತು: ಕಾದಂಬರಿ ಮೊದಲಿನಿಂದ ಹಾಕಬೇಕು.